ಹುಲುಗಪ್ಪ ಕುಡಿತ ಬಿಟ್ಟದ್ದು ಯಾಕೆ?

ಕಳೆದ ಭಾನುವಾರ ಹಗರಿಬೊಮ್ಮನಹಳ್ಳಿಯ ಕಟಿಂಗ್ ಶಾಪಿನಲ್ಲಿ ಹುಲುಗಪ್ಪನಿಗೆ ನನ್ನ ಗಡ್ಡ ಒಪ್ಪಿಸಿ, ಆರಾಮಾಗಿ ಕಣ್ಣು ಮುಚ್ಚಿ ಕುಳಿತೆ.

ಇದರಲ್ಲೇನು ವಿಶೇಷ ಅಂತೀರಾ? ಎರಡು ವರ್ಷದ ಹಿಂದೆ ಅವನ ಹತ್ತಿರ ಯಾರೂ ಗಡ್ಡ ಮಾಡಿಸುತ್ತಿರಲಿಲ್ಲ. ಬೆಳಿಗ್ಗೆ ಒಂದು ಕ್ವಾರ್ಟರ್ ಇಳಿಯದೆ ಅವನ ಕೈ ನಿಲ್ಲುತ್ತಿರಲಿಲ್ಲ. ಇಳಿದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. (ನಾನೂ 'ಕಟಿಂಗ್ ಸಾಕು' ಎಂದು ಜಾರಿಕೊಳ್ಳುತ್ತಿದ್ದೆ.)

ಬಿಡಿಸಲು ಯಾರೂ ಪ್ರಯತ್ನ ಮಾಡಿರಲಿಲ್ಲವೇ? ಹೆಂಡತಿ ದೇವರ ಮುಂದೆ ಆಣೆ ಮಾಡಿಸಿದ್ದಳು. ತಮ್ಮಂದಿರು ಆಟೋದಲ್ಲಿ ಹಾಕಿಕೊಂಡು ಹೋಗಿ ಮದ್ಯವರ್ಜನ ಶಿಬಿರಕ್ಕೆ ಸೇರಿಸಿದ್ದರು. ನಾನೂ ಅರ್ಧ ಗಂಟೆ ಭಾಷಣ ಬಿಗಿದಿದ್ದೆ. ಎಲ್ಲದಕ್ಕೂ ತಲೆಯಾಡಿಸಿ, ಸಂಜೆ ಮತ್ತೆ ಕುಡಿಯುತ್ತಿದ್ದ.

ಆಮೇಲೆ ಉಜ್ಜಿನಿಯ ಗುಡಿಯಲ್ಲಿ ಅವನ ಮೊಮ್ಮಗಳ ಜವಳ. ಊರಿನ ಅದೆಷ್ಟೋ ಕೂಸುಗಳ ಮೊದಲ ಕೂದಲು ತೆಗೆದವನು ಹುಲುಗಪ್ಪ. ಅಂದು ಕತ್ತಿ ಹಿಡಿದು ಮುಂದೆ ಬಂದಾಗ ಮಗಳು ಕೂಸನ್ನು ಎದೆಗೆ ಅವಚಿಕೊಂಡಳು.

"ಅಪ್ಪಾ, ನೀ ಬ್ಯಾಡ. ನಿನ್ನ ಕೈ ನಡುಗ್ತೈತಿ."

ಬೈದದ್ದಲ್ಲ, ಮೆಲ್ಲಗೆ ಹೇಳಿದ್ದು. ಬೇರೆಯವರು ಜವಳ ತೆಗೆದರು. ಅವನು ಕಂಬದ ಹತ್ತಿರ ನಿಂತು ನೋಡಿದ.

ಮೂರನೇ ದಿನ ಒಬ್ಬನೇ ಆಸ್ಪತ್ರೆಗೆ ಹೋದ.

"ಯಾರು ಕರಕೊಂಡು ಬಂದ್ರು?" ಎಂದರು ಡಾಕ್ಟರಮ್ಮ.

"ಯಾರೂ ಇಲ್ರಿ. ನಾನ ಬಂದೀನಿ."

"ಕುಡಿಯೋದು ಬಿಟ್ಟು ಏನ್ ಮಾಡಬೇಕಂತ ಮಾಡೀರಿ?"

"ಮಗಳು ಮತ್ತ ಬಸುರಿ ಅದಾಳ್ರಿ. ಆ ಕೂಸಿನ ಜವಳ ನಾನ ತೆಗೀಬೇಕು."

ಡಾಕ್ಟರಮ್ಮ ಚೀಟಿಯ ಮೇಲೆ ಮೊದಲು ಅದನ್ನೇ ಬರೆದರಂತೆ. ಗುಳಿಗೆಯ ಹೆಸರು ಆಮೇಲೆ.

ಅಲ್ಲಿಂದ ಎಲ್ಲ ಸಲೀಸಾಯಿತು ಅಂದುಕೊಳ್ಳಬೇಡಿ. ಕೂಡ್ಲಿಗಿಯಲ್ಲಿ ಒಂದು ಮದುವೆಗೆ ಹೋದವನು ಕುಡಿದುಬಿಟ್ಟ. ಆದರೆ ಮರುದಿನ ಬೆಳಿಗ್ಗೆ ತಾನೇ ಹೋಗಿ ಡಾಕ್ಟರಮ್ಮನ ಮುಂದೆ ಕುಳಿತ. ಹೆಂಡತಿ ಆಣೆ ಮಾಡಿಸಿದ ದಿನಗಳಲ್ಲಿ ಹಾಗೆ ಎಂದಾದರೂ ಹೋಗಿದ್ದನೇ?

ಹೋದ ತಿಂಗಳು ಮೊಮ್ಮಗನ ಜವಳ. ಮಗಳೇ ಕೂಸನ್ನು ತಂದು ಅವನ ಮುಂದೆ ಹಿಡಿದಳು.

"ಕೂಸು ಒಂದೇ ಸವನೆ ಅತ್ತಿತ್ರಿ ಸರ್," ನನ್ನ ಕೆನ್ನೆಗೆ ನೊರೆ ಬಳಿಯುತ್ತಾ ಹೇಳಿದ. "ನಾನೂ ಅತ್ತೆ. ಕೈ ಮಾತ್ರ ಅಲುಗಲಿಲ್ಲ ನೋಡ್ರಿ."

ಇಬ್ಬರೂ ನಕ್ಕೆವು. (ಬ್ಲೇಡು ಇನ್ನೂ ಕೆನ್ನೆಗೆ ತಾಗಿರಲಿಲ್ಲ, ಹಾಗಾಗಿ ಧೈರ್ಯವಾಗಿ ನಕ್ಕೆ.)

ಔಷಧ ಬೇಕು, ಡಾಕ್ಟರು ಬೇಕು, ಮನೆಯವರ ತಾಳ್ಮೆಯೂ ಬೇಕು. ಆದರೆ ದಿನಾ ಬೆಳಿಗ್ಗೆ ಎದ್ದು 'ಇವತ್ತು ಬೇಡ' ಎಂದುಕೊಳ್ಳಬೇಕಾದವರು ಕುಡಿಯುವವರೇ ತಾನೇ? ಅದಕ್ಕೆ ಅವರದೇ ಒಂದು ಕಾರಣ ಬೇಕು. ನಮ್ಮ ಕಾರಣ ಅವರಿಗೆ ಕೆಲಸಕ್ಕೆ ಬರುವುದಿಲ್ಲ.

ನಿಮ್ಮ ಮನೆಯಲ್ಲಿ ಕುಡಿಯುವವರಿದ್ದರೆ ಅವರ ಬ್ರ್ಯಾಂಡ್ ಯಾವುದೆಂದು ನಿಮಗೆ ಗೊತ್ತೇ ಇರುತ್ತದೆ. ಅವರ ಆಸೆ ಯಾವುದೆಂದು ಗೊತ್ತೇ?