ಅಂಗಿಯ ಮೇಲಿಲ್ಲದ ಹೆಸರು

ಅವರ ಬಲಗಾಲಿನ ಪ್ಯಾಂಟಿನ ಅಂಚನ್ನು ಬಟ್ಟೆ ಒಣಗಿಸುವ ನೀಲಿ ಕ್ಲಿಪ್ಪೊಂದು ಕಚ್ಚಿಕೊಂಡಿರುತ್ತಿತ್ತು. ಸೈಕಲ್ಲಿನ ಚೈನಿಗೆ ಬಟ್ಟೆ ಸಿಕ್ಕದಿರಲೆಂದು ಹಾಕಿಕೊಂಡದ್ದನ್ನು ಆಫೀಸಿಗೆ ಬಂದ ಮೇಲೆ ತೆಗೆಯಲು ಮರೆಯುತ್ತಿದ್ದರು. ಬಂಡವಾಳ ಹಾಕುವವರು ಬಂದು ಕೂತ ದೊಡ್ಡ ಮೀಟಿಂಗಿನಲ್ಲೂ ಅವರು ಬೋರ್ಡಿನ ಮುಂದೆ ನಿಂತು ವಿವರಿಸುತ್ತಿದ್ದರೆ ನನ್ನ ಕಣ್ಣು ಆ ಕ್ಲಿಪ್ಪಿನ ಮೇಲೆಯೇ ಇರುತ್ತಿತ್ತು. ಒಮ್ಮೆ ಮೆಲ್ಲನೆ ತೋರಿಸಿದೆ. ಬಗ್ಗಿ ನೋಡಿ, "ಇರಲಿ ಬಿಡಿ, ಈ ಕಂಪನೀಲಿ ಭದ್ರವಾಗಿರೋದು ಅದೊಂದೇ" ಎಂದರು.

ಅಮೆರಿಕಾದ ಸನ್ನಿವೇಲಿನ ಆ ಸಾಫ್ಟ್‌ವೇರ್ ಕಂಪನಿಗೆ ನಾನು ಓದು ಮುಗಿಸಿದ ಕೂಡಲೇ ಸೇರಿದ್ದೆ. ಎಲ್ಲರ ಬಾಯಲ್ಲೂ ಷೇರು, ಹೊಸ ಕಾರು, ಹೊಸ ಮನೆ. ಅವರು ಮಾತ್ರ ಹಳೆಯ ಹಸಿರು ಸೈಕಲ್ಲಿನಲ್ಲಿ ಬರುತ್ತಿದ್ದರು. ಚಿತ್ರದುರ್ಗದವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಪಕ್ಕದ ಕ್ಯೂಬಿಕಲ್ಲು ಅವರದು. ಬೇಸಗೆಯಲ್ಲಿ ಕಿಟಕಿಯಾಚೆ ಒಣಗಿ ಕಂದಾದ ಗುಡ್ಡಗಳನ್ನು ತೋರಿಸಿ, "ನಮ್ಮ ದುರ್ಗನೇ ಕಣ್ರೀ ಇದು, ರಸ್ತೆ ಒಂದು ಚೆನ್ನಾಗಿದೆ ಅಷ್ಟೆ" ಎನ್ನುತ್ತಿದ್ದರು.

ಆಫೀಸಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಅವರ ತಂದೆಯ ಹೆಸರಿನಿಂದ. ನಮ್ಮ ಕಡೆಯ ಬಹಳ ಜನರಿಗೆ ಆಗುವ ಎಡವಟ್ಟೇ ಅವರಿಗೂ ಆಗಿತ್ತು. ಪಾಸ್‌ಪೋರ್ಟಿಗೆ ಇನಿಷಿಯಲ್ಲನ್ನು ಬಿಡಿಸಿ ಬರೆಯಬೇಕೆಂದರು, ಇವರು ಬಿಡಿಸಿದರು. ಮೊದಲು ಬಂದದ್ದೇ ಹೆಸರೆಂದು ಅಮೆರಿಕಾ ತೀರ್ಮಾನಿಸಿತು. "ಅಪ್ಪ ಸೀಟಿನ ಮೇಲೆ, ನಾನು ಕ್ಯಾರಿಯರ್ ಮೇಲೆ" ಎಂದು ನಗುತ್ತಿದ್ದರು. ತಿದ್ದಿಸಬಾರದೇ ಎಂದು ನಾನು ಕೇಳಿದ್ದುಂಟು.

"ಯಾಕ್ರೀ ತಿದ್ದಿಸಬೇಕು? ನಮ್ಮಪ್ಪ ಟಾಕೀಸಿನ ಗೇಟಲ್ಲಿ ಟಿಕೆಟ್ ಹರೀತಿದ್ದೋರು. ಜೀವಮಾನ ಪೂರ್ತಿ ಜನ ಅವರನ್ನ 'ಏಯ್' ಅಂತಲೇ ಕರೆದಿದ್ದು. ಇಲ್ಲಿ ವೈಸ್ ಪ್ರೆಸಿಡೆಂಟ್ ಬಂದು ಹೆಸರು ಹಿಡಿದು ಗುಡ್ ಮಾರ್ನಿಂಗ್ ಹೇಳ್ತಾನೆ. ಕೇಳಿಸ್ಕೊಳ್ಳಲಿ, ಎಲ್ಲಿದ್ದಾರೋ."

ನನ್ನ ತೊಡಕು ಬೇರೆ. ಸರ್ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಆಫೀಸಿನ ಹೆಸರಿನಿಂದ ಕರೆದರೆ ತೀರಿಹೋದ ಹಿರಿಯರೊಬ್ಬರನ್ನು ಏಕವಚನದಲ್ಲಿ ಕರೆದಂತೆ. ಅವರದೇ ಹೆಸರನ್ನು ಹೇಳಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ಹೀಗಾಗಿ ಯಾವ ಹೆಸರೂ ಇಲ್ಲದೆ "ನೋಡಿ" ಎಂದು ಮಾತು ಶುರು ಮಾಡುತ್ತಿದ್ದೆ. ಕೆಲವು ತಿಂಗಳಲ್ಲಿ ಅದನ್ನು ಕಂಡುಹಿಡಿದರು. "ನನ್ನ ಹೆಸರನ್ನ ನೋಡಿ ಅಂತಲೇ ಬದಲಾಯಿಸಿಕೊಂಡು ಬಿಡ್ತೀನಿ. ಪಾಸ್‌ಪೋರ್ಟಿನವರು ಅದನ್ನೇನು ಮಾಡ್ತಾರೋ ನೋಡೋಣ" ಎಂದರು.

ನನಗೆ ಕಾರು ಬರುತ್ತಿರಲಿಲ್ಲ, ಸೈಕಲ್ಲೂ ಬರುತ್ತಿರಲಿಲ್ಲ. ಎಲ್ಲಿಗೆ ಹೋಗಬೇಕಾದರೂ ಯಾರನ್ನಾದರೂ ಕೇಳಬೇಕಿತ್ತು, ಕೇಳುವುದು ನನ್ನ ಸ್ವಭಾವವಲ್ಲ. ಇದನ್ನು ಹೇಗೆ ತಿಳಿದರೋ, ಒಂದು ಶನಿವಾರ ಆಫೀಸಿನ ಖಾಲಿ ಪಾರ್ಕಿಂಗಿನಲ್ಲಿ ಆ ಹಸಿರು ಸೈಕಲ್ಲನ್ನು ಮಲಗಿಸಿಕೊಂಡು ಸ್ಪ್ಯಾನರ್ ಹಿಡಿದು ಕೂತಿದ್ದರು. ಎರಡೂ ಪೆಡಲುಗಳನ್ನು ಬಿಚ್ಚಿ ಪಕ್ಕಕ್ಕಿಟ್ಟು, ಸೀಟನ್ನು ನೆಲಕ್ಕೆ ನನ್ನ ಕಾಲು ಮುಟ್ಟುವಷ್ಟು ಇಳಿಸಿದರು.

"ಪೆಡಲೇ ಇಲ್ಲದೆ ಕಲಿಯೋದು ಹೇಗೆ?"

"ತುಳಿಯೋದು ಯಾರಿಗೆ ಬೇಕಾದ್ರೂ ಬರುತ್ತೆ. ಮೊದಲು ಬೀಳದೆ ಇರೋದು ಕಲೀರಿ."

ಕೋಡ್ ಬರೆಯುವುದನ್ನು ಕಲಿಸಿದ್ದೂ ಹೀಗೆಯೇ. ನಾನು ಬರೆದದ್ದರಲ್ಲಿ ಅರ್ಧವನ್ನು ಅಳಿಸಿ, ಉಳಿದದ್ದು ನಿಲ್ಲುತ್ತದೆಯೇ ಎಂದು ನೋಡಿ, ಆಮೇಲೆ ಒಂದೊಂದೇ ಸೇರಿಸಲು ಬಿಡುತ್ತಿದ್ದರು. ಸಿಟ್ಟು ಬರುತ್ತಿತ್ತು. ನಾಲ್ಕನೆಯದೋ ಐದನೆಯದೋ ಶನಿವಾರ ಪೆಡಲು ಜೋಡಿಸಿದರು. ನಾನು ಪಾರ್ಕಿಂಗನ್ನು ಸುತ್ತಿ ಬಂದಾಗ ಅವರು ಹೊಗಳಲಿಲ್ಲ. ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡುತ್ತಾ ನಿಂತಿದ್ದರು. ಆ ಬೆಳಿಗ್ಗೆ ಮುಗಿಯಬಾರದಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಮರುವರ್ಷದ ಚಳಿಗಾಲದಲ್ಲಿ ಅವರಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಬೇರೆಯವರ ಅಸ್ಥಿಮಜ್ಜೆ ಹೊಂದಿದರೆ ಉಳಿಯಬಹುದು ಎಂದು ಡಾಕ್ಟರು ಹೇಳಿದರು. ಹೊಂದುವುದು ಸಾಮಾನ್ಯವಾಗಿ ನಮ್ಮ ಕಡೆಯವರದೇ, ಆದರೆ ದಾನಿಗಳಾಗಿ ಹೆಸರು ಕೊಟ್ಟವರಲ್ಲಿ ನಮ್ಮ ದೇಶದವರು ತೀರ ಕಡಿಮೆ. ಅಲ್ಲಿನ ದೇವಸ್ಥಾನದ ಸಭಾಂಗಣದಲ್ಲಿ ದಾನಿಗಳನ್ನು ಹುಡುಕುವ ಶಿಬಿರ ಮಾಡಿದೆವು. ಉಡುಪಿಯವರು, ಮೈಸೂರಿನ ಸಾಬರ ಕುಟುಂಬಗಳು, ಗುಜರಾತಿಗಳು, ಎಲ್ಲರೂ ತೋಳು ಚಾಚಿ ಪರೀಕ್ಷೆಗೆ ರಕ್ತ ಕೊಟ್ಟರು. ಯಾರದೂ ಹೊಂದಲಿಲ್ಲ. ನನ್ನದೂ ಹೊಂದಲಿಲ್ಲ.

ಆಸ್ಪತ್ರೆಯಲ್ಲೂ ಅವರ ತಂದೆಯ ಹೆಸರೇ. "ನರ್ಸಮ್ಮ ದಿನಾ ನಮ್ಮಪ್ಪನ್ನ ಎಬ್ಬಿಸ್ತಾಳೆ, ಏಳೋನು ಮಾತ್ರ ನಾನು" ಎಂದು ನಗಿಸಿದರು. ನಾನು "ನೋಡಿ, ಏನಾದರೂ ತಂದುಕೊಡಲಾ?" ಎಂದೆ. "ಇನ್ನೂ ನೋಡಿಯಲ್ಲೇ ಇದ್ದೀರಲ್ರೀ" ಎಂದರು. ಯುಗಾದಿಗೆ ಮೊದಲೇ ಹೊರಟುಹೋದರು.

ಆ ಬೇಸಗೆಯಲ್ಲಿ ಅವರ ನೆನಪಿಗೆಂದು ನಮ್ಮ ಮ್ಯಾನೇಜರ್ ಸೈಕಲ್ ಸವಾರಿಯೊಂದನ್ನು ಏರ್ಪಡಿಸಿದ. ಅಂಥ ಶಿಬಿರಗಳು ಇನ್ನಷ್ಟು ನಡೆಯಲೆಂದು ಹಣ ಕೂಡಿಸುವುದು, ಆಫೀಸಿನಿಂದ ಹೊರಟು ಕೊಲ್ಲಿಯ ಅಂಚಿನ ದಾರಿಯಲ್ಲಿ ಉಪ್ಪಿನ ಕೊಳಗಳನ್ನು ದಾಟಿ ಮರಳುವುದು. ಬೆಳಿಗ್ಗೆ ಪಾರ್ಕಿಂಗ್ ತುಂಬ ಜನ. ಎಲ್ಲರಿಗೂ ಕಿತ್ತಳೆ ಬಣ್ಣದ ಅಂಗಿ, ಬೆನ್ನಿನ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು. ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ಮಗಳನ್ನು ಕರೆದುಕೊಂಡು ಬಂದಿದ್ದರು. ಈಗಷ್ಟೇ ಓದಲು ಕಲಿತ ಮಗು ನನ್ನ ಬೆನ್ನಿನ ಮೇಲೆ ಬೆರಳಿಟ್ಟು ಓದಿ, ಜೋರಾಗಿ, "ಅಮ್ಮಾ, ದಟ್ಸ್ ತಾತಾಸ್ ನೇಮ್! ವೇರ್ ಈಸ್ ಅಪ್ಪಾಸ್?" ಎಂದಿತು.

ಮ್ಯಾನೇಜರ್ ಕೈಮೈಕು ತಂದು ಎರಡು ಮಾತಾಡಿ ಎಂದಾಗ ಅಕ್ಕ ಹಿಂದೆ ಸರಿದು ನನ್ನ ಮೊಣಕೈ ಹಿಡಿದರು.

"ನೀನು ಹೇಳೇ."

"ಏನು ಹೇಳಲಿ ಅಕ್ಕಾ?"

"ಅವರ ಹೆಸರು. ಇಷ್ಟು ಜನ ಬಂದಿದ್ದಾರೆ, ಯಾರಿಗೂ ಗೊತ್ತಿಲ್ಲ. ಯಾರೂ ಹೇಳದೇನೇ ಹೊರಟುಬಿಡ್ತಾರೆ. ಇವಳು ನೋಡು, ಹೇಗೆ ಕೇಳ್ತಿದ್ದಾಳೆ."

"ನೀವೇ ಹೇಳಿ ಅಕ್ಕಾ."

"ನನ್ನ ಬಾಯಲ್ಲಿ ಬರಲ್ಲ ಕಣೇ. ಮದುವೆ ದಿನ ಒಡಪು ಕಟ್ಟಿ ಹೇಳಿಸಿದ್ದರು, ಅದೇ ಕೊನೆ. ಆಮೇಲೆ 'ಇವರು', 'ರೀ', ಅಷ್ಟೇ. ಸತ್ತ ಮೇಲೆ ಕರೆದರೆ ಬರ್ತಾರಾ?" ನನ್ನ ಮೊಣಕೈ ಬಿಡದೆ, "ನೀನು ಹೇಳಬಹುದಲ್ಲ. ನಿನಗೇನಡ್ಡಿ?" ಎಂದರು.

ನನಗೇನಡ್ಡಿ ಎಂದು ನಾನು ಅಲ್ಲಿಯತನಕ ನನ್ನನ್ನೇ ಕೇಳಿಕೊಂಡಿರಲಿಲ್ಲ. ಉತ್ತರ ಆ ಗಳಿಗೆಯಲ್ಲೇ ಹೊಳೆಯಿತು. ಅದು ಅಕ್ಕನಿಗೆ ಹೇಳುವಂಥದ್ದಲ್ಲ. ಮೈಕನ್ನು ತೆಗೆದುಕೊಂಡೆ.

ಮೀಟಿಂಗಿನಲ್ಲಿ ನನ್ನ ದನಿ ಮೇಜಿನ ಆಚೆ ತುದಿಗೆ ಮುಟ್ಟುತ್ತಿರಲಿಲ್ಲ. ಆ ದಿನ ಪಾರ್ಕಿಂಗಿನ ಕೊನೆಯವರೆಗೂ ಕೇಳಿಸಿತಂತೆ. ಅಂಗಿಯ ಮೇಲಿರುವುದು ಅವರ ತಂದೆಯ ಹೆಸರು, ಅವರು ಚಿತ್ರಮಂದಿರವೊಂದರ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದವರು, ನೀವೆಲ್ಲ ಆ ಹೆಸರನ್ನು ಪ್ರೀತಿಯಿಂದ ಕರೆದಿರೆಂದು ಮಗನಿಗೆ ಸಂತೋಷವಿತ್ತು ಎಂದೆ. ಮಗನ ಹೆಸರು ಬೇರೆ ಎಂದೆ. ಹೇಳಿದೆ.

ಮ್ಯಾನೇಜರ್ ಹೆಲ್ಮೆಟ್ ತೆಗೆದು ಹಿಡಿದುಕೊಂಡು, "ಇನ್ನೊಮ್ಮೆ ಹೇಳು" ಎಂದ. ಹೇಳಿದೆ. ಆಮೇಲೆ ಎಲ್ಲರೂ ಒಟ್ಟಿಗೆ ಹೇಳಿದರು, ಒಬ್ಬೊಬ್ಬರು ಒಂದೊಂದು ಥರ. ಮಗು ಹೇಳಿದ್ದು ಮಾತ್ರ ಸರಿಯಾಗಿತ್ತು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಒಳಗೆ ತುಟಿ ಅಲುಗಿತೋ ಇಲ್ಲವೋ, ನಾನು ನೋಡಲಿಲ್ಲ.

ಆ ಹೆಸರಿನ ನಡುವೆ ಒಂದು ಳಕಾರವಿದೆ, ಅಲ್ಲಿಯವರ ನಾಲಿಗೆಗೆ ಸುಲಭವಾಗಿ ಒಗ್ಗುವುದಿಲ್ಲ. ಕೊಲ್ಲಿಯ ದಾರಿಗಿಳಿದ ಮೇಲೆ ಟೆಸ್ಟಿಂಗ್ ವಿಭಾಗದ ಹುಡುಗಿಯೊಬ್ಬಳು ನನ್ನ ಪಕ್ಕಕ್ಕೆ ಸೈಕಲ್ ತಂದು, ಸರಿಯೇ ಎಂದು ಕೇಳುತ್ತಾ ಹೇಳಿ ನೋಡಿದಳು. ಸರಿಯಿರಲಿಲ್ಲ. ನಾಲಿಗೆಯನ್ನು ಹಿಂದಕ್ಕೆ ಮಡಚಬೇಕು ಎಂದು ಹೇಳಿಕೊಟ್ಟೆ. ಎದುರುಗಾಳಿ ಜೋರಾಗಿತ್ತು, ಕೂಗಿಯೇ ಹೇಳಬೇಕಿತ್ತು. ಉಪ್ಪಿನ ಕೊಳಗಳ ಉದ್ದಕ್ಕೂ ಅವಳು ಕೇಳಿದಳು, ನಾನು ಹೇಳಿದೆ. ಸೇತುವೆ ದಾಟುವ ಹೊತ್ತಿಗೆ ಅವಳ ನಾಲಿಗೆಗೆ ಅದು ಚೆನ್ನಾಗಿ ಬಂತು. ಇನ್ನೂ ಸ್ವಲ್ಪ ತಪ್ಪಿದೆ ಎಂದು ನಾನು ಮತ್ತೊಮ್ಮೆ ಹೇಳಿಕೊಟ್ಟೆ.