ಎತ್ತಿನ ಬುದ್ಧಿಯ ಜೀಪು

ಆವುಲಪ್ಪನಿಗೆ ಕಣ್ಣು ಬಿಟ್ಟುಕೊಂಡೇ ಕನಸು ಕಾಣುವ ವಿದ್ಯೆ ಹುಟ್ಟಿನಿಂದಲೇ ಬಂದದ್ದು. ಉಂಡ ಕೈ ಒಣಗಿದರೂ ತಟ್ಟೆಯ ಮುಂದೆ ಕೂತು ಎತ್ತಲೋ ನೋಡುತ್ತಿರುವ ಆಸಾಮಿ. ಬಾವಿಗೆ ಹೋದರೆ ನೀರಿನೊಳಗಿನ ಆಕಾಶ ನೋಡಿಕೊಂಡು ಬರಿಗೊಡದಲ್ಲಿ ವಾಪಸಾಗುತ್ತಿದ್ದ. ಇಂಥವನನ್ನು ಮಿಲಿಟರಿಯವರು ನಾಲ್ಕು ವರ್ಷ ಮೋಟಾರು ರಿಪೇರಿಗೆ ಇಟ್ಟುಕೊಂಡಿದ್ದರು. ಆದರೂ ಯುದ್ಧ ಗೆದ್ದರಲ್ಲ, ಅದೇ ಆಶ್ಚರ್ಯ ಎಂದು ಕೆಲಮಂಗಲದ ಪೇಟೆಯಲ್ಲಿ ಜನ ನಗುತ್ತಿದ್ದರು. ನಗುವವರಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ಅವನ ತಲೆ ಎಲ್ಲಿ ಅಲೆಯುತ್ತಿದ್ದರೂ ಕೈ ಮಾತ್ರ ಕೆಲಸ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಇಂಜಿನ್ನಿನ ಮೇಲೆ ಅಂಗೈ ಇಟ್ಟು ರೋಗ ಎಲ್ಲಿದೆ ಎಂದು ಹೇಳುವಷ್ಟು ಪಳಗಿದ ಕೈ ಅದು.

ಯುದ್ಧ ಮುಗಿದು ಊರಿಗೆ ಬಂದಾಗ ಅವನಿಗೆ ಮೂವತ್ತು. ಬಂದವನು ಜಗಲಿಯ ಮೇಲೆ ಕೂತಿದ್ದ ಅಕ್ಕ ಭದ್ರಮ್ಮನನ್ನು ಕಂಡು ಹಾಗೇ ನಿಂತುಬಿಟ್ಟ. ಅವಳು ಎದ್ದು ಬರಲಿಲ್ಲ. ಮೂರು ವರ್ಷದ ಹಿಂದೆ ಹುಣಸೆ ಮರದಿಂದ ಬಿದ್ದು, ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತ್ತು. ದೂರದ ದೇಶದಲ್ಲಿ ತಮ್ಮ ಅಳುತ್ತ ಕೂರುತ್ತಾನೆಂದು ಅವಳು ಕಾಗದವನ್ನೇ ಬರೆಸಿರಲಿಲ್ಲ. ಅಪ್ಪ ಅಮ್ಮ ಒಂದೇ ವಾರದಲ್ಲಿ ತೀರಿಹೋದಾಗ ಐದು ವರ್ಷದ ಆವುಲನನ್ನು ಕಂಕುಳಲ್ಲಿ ಎತ್ತಿಕೊಂಡು ಬೆಟ್ಟ ಇಳಿದು ಗಂಡನ ಮನೆಗೆ ಬಂದವಳು ಅವಳು. ಗಂಡ ಹೋದ ಮೇಲೆ ತಾನೇ ಗಾಡಿ ಹೊಡೆದು, ತಾನೇ ಹೊಲ ಉತ್ತು ತಮ್ಮನನ್ನು ದೊಡ್ಡವನನ್ನಾಗಿ ಮಾಡಿದವಳು. ಈಗ ಜಗಲಿಯಲ್ಲಿ ಕೂತು ಮಂಡಿಯವರಿಗೆ ಹುಣಸೆಹಣ್ಣು ಜಜ್ಜಿ ಬೀಜ ತೆಗೆದುಕೊಡುತ್ತಿದ್ದಳು.

ಅಕ್ಕತಮ್ಮ ಇಬ್ಬರೂ ಹುಟ್ಟಿದ್ದು ಗೂಳಿಬಂಡೆಯಲ್ಲಿ. ಬೆಟ್ಟದ ನೆತ್ತಿಯ ಮೇಲೆ ಇಪ್ಪತ್ತು ಮನೆಯ ಊರು. ಬುಡದವರೆಗೆ ಎತ್ತಿನ ಗಾಡಿ ಹೋಗುತ್ತದೆ. ಅಲ್ಲಿಂದ ಮೇಲೆ ಬರೀ ಗುಂಡುಕಲ್ಲು, ಮಳೆನೀರು ಕೊರೆದ ಕೊರಕಲು. ವರ್ಷಕ್ಕೊಂದು ಸಲವಾದರೂ ತವರಿಗೆ ಹೋಗಿ ಬರುತ್ತಿದ್ದ ಭದ್ರಮ್ಮ ಬಿದ್ದಾಗಿನಿಂದ ಹೋಗಿರಲಿಲ್ಲ. ಚಿಕ್ಕಪ್ಪನ ಮಕ್ಕಳು ಡೋಲಿ ಕಟ್ಟಿಕೊಂಡೇ ಬಂದಿದ್ದರು. ಅವಳು ಜಪ್ಪಯ್ಯ ಅನ್ನಲಿಲ್ಲ.

"ಮನುಷ್ಯರ್ನ ನಾಕು ಜನ ಹೊರೋದು ಒಂದೇ ಸಲ ಕಣ್ರಪ್ಪಾ. ಆ ದಿನ ಬಂದಾಗ ಹೊರೀರಂತೆ. ಈಗ್ಲೇ ಏನವಸರ?" ಎಂದು ವಾಪಸು ಕಳಿಸಿದಳು. ಬೆನ್ನ ಮೇಲೆ ಹೊತ್ತು ಹತ್ತಿಸುತ್ತೇನೆ ಎಂದ ಆವುಲಪ್ಪನಿಗೂ ಅದೇ ಉತ್ತರ ಸಿಕ್ಕಿತು. ಆದರೆ ದಿನಾ ಸಂಜೆ ಅವಳು ಬೆಟ್ಟ ಕಾಣುವ ಹಾಗೆ ತಿರುಗಿ ಕೂರುವುದನ್ನು ಅವನು ನೋಡುತ್ತಿದ್ದ.

ಇಷ್ಟರಲ್ಲಿ ಹುಣಸೆ ಮಂಡಿಯ ವೆಂಕಟರಾಮಪ್ಪ ಬೆಂಗಳೂರಿನ ಹರಾಜಿನಲ್ಲಿ ಒಂದು ಹಳೆಯ ಮಿಲಿಟರಿ ಜೀಪು ಹಿಡಿದು ತಂದ. ಬೆಟ್ಟದ ಊರುಗಳಿಂದ ಹುಣಸೆ ಇಳಿಸಬೇಕೆಂಬುದು ಅವನ ಆಸೆ. ಜೀಪಿನ ಟೈರುಗಳೋ ಬೋಳು ಬಂಡೆ. ಅದೇ ಅಳತೆಯ ಟೈರು ಎಲ್ಲಿ ಹುಡುಕಿದರೂ ಇಲ್ಲ. ಸಿಕ್ಕಿದ್ದು ದೊಡ್ಡ ಮಿಲಿಟರಿ ಗಾಡಿಯೊಂದರ ಚಕ್ರಗಳು, ಎದೆಯ ಹತ್ತಿರಕ್ಕೆ ಬರುವಂಥವು.

"ಈ ಅಚ್ಚು ಆ ಚಕ್ರಾನ ತಡಿಯಲ್ಲ ಅಣ್ಣಾ," ಎಂದ ಆವುಲಪ್ಪ. "ಆ ಗಾಡಿ ಅಚ್ಚೇ ತಂದು ಇದ್ಕೆ ಕೂಡ್ಸಬೇಕು. ಸ್ಟೇರಿಂಗೂ ಹೊಸದಾಗಿ ಹೊಂದಿಸ್ಬೇಕು. ನಾನು ಮಾಡ್ಕೊಡ್ತೀನಿ. ಕೂಲಿ ಬ್ಯಾಡ. ಮೊದಲ್ನೇ ಸವಾರಿ ನಂದು. ಅಕ್ಕನ್ನ ಗೂಳಿಬಂಡೆಗೆ ಕರ್ಕೊಂಡ್ ಹೋಗ್ಬೇಕು."

ವೆಂಕಟರಾಮಪ್ಪ ಒಪ್ಪಿದ. ಮುರಿದ ಗಾಡಿಯ ಎರಡು ಅಚ್ಚುಗಳು ಎತ್ತಿನ ಗಾಡಿಯ ಮೇಲೆ ಮಲಗಿ ಬಂದವು.

ಕೆಲಸ ನಡೆದದ್ದು ಕಮ್ಮಾರ ಮುತ್ತರಾಯಪ್ಪನ ಕುಲುಮೆಯ ಮುಂದೆ, ಹೊಂಗೆ ಮರದ ನೆರಳಲ್ಲಿ. ಅವು ಆವುಲಪ್ಪನ ಬದುಕಿನ ಚೆಂದದ ದಿನಗಳು. ಜೀಪಿನ ಕೆಳಗೆ ಅಂಗಾತ ಮಲಗಿ ಬೋಲ್ಟು ಬಿಗಿಯುತ್ತಿದ್ದರೆ, ಆ ಕತ್ತಲೆಯಲ್ಲಿ ಅವನಿಗೆ ಬೆಟ್ಟದ ದಾರಿಯೇ ಬಿಚ್ಚಿಕೊಳ್ಳುತ್ತಿತ್ತು. ಅಕ್ಕ ಪಕ್ಕದಲ್ಲಿ ಸೆರಗು ಹಿಡಿದು ಕೂತಿದ್ದಾಳೆ. ಬಂಡೆಗಳು ಚಕ್ರದಡಿಗೆ ತಾವಾಗಿಯೇ ಬಂದು ಮಲಗುತ್ತವೆ. ತಂಗಾಳಿ ಬೀಸುತ್ತದೆ, ಎಲ್ಲಿಂದಲೋ ಹುರುಳಿ ಹೂವಿನ ವಾಸನೆ ಬರುತ್ತದೆ. ಊರಿನವರು ಸಾಲಾಗಿ ನಿಂತು, ನೋಡಿರಮ್ಮಾ ಆವುಲ ಅಕ್ಕನ್ನ ಕರ್ಕೊಂಡ್ ಬಂದ, ಅನ್ನುತ್ತಾರೆ. ಅಷ್ಟು ಹೊತ್ತಿಗೆ ಗ್ರೀಸು ಕಣ್ಣಿಗೆ ಬಿದ್ದು ಎಚ್ಚರವಾಗುತ್ತಿತ್ತು.

ಹೊಸ ಅಚ್ಚು ಅಕ್ಕಪಕ್ಕಕ್ಕೆ ಒಂದೊಂದು ಗೇಣು ಹೊರಗೆ ಚಾಚಿತು. ಚಕ್ರ ಮೈಗೆ ಉಜ್ಜಬಾರದೆಂದು ಸ್ಪ್ರಿಂಗಿನ ಕಮಾನುಪಟ್ಟಿಗೂ ಅಚ್ಚಿಗೂ ನಡುವೆ ಕಬ್ಬಿಣದ ದಿಮ್ಮಿ ಇಟ್ಟು ಜೀಪನ್ನು ಎತ್ತರಿಸಿದರು. ಉಳಿದದ್ದು ಸ್ಟೇರಿಂಗು. ಸ್ಟೇರಿಂಗಿನಿಂದ ಇಳಿದು ಬರುವ ಸಲಾಕೆಯನ್ನು ಚಕ್ರದ ಸಲಾಕೆಗಳಿಗೆ ಕೂಡಿಸಲು, ನಡುವೆ ಗೂಟದ ಮೇಲೆ ತಿರುಗುವ ಒಂದು ಕಬ್ಬಿಣದ ಕೈ ಬೇಕು. ಹಳೆಯದು ಗಿಡ್ಡವಾಗಿತ್ತು. ಹೊಸದನ್ನು ಬಡಿಯುವಾಗ ಮುತ್ತರಾಯಪ್ಪ ಸುತ್ತಿಗೆ ನಿಲ್ಲಿಸಿ ಕೇಳಿದ.

"ಸಲಾಕೆ ತೂತು ಗೂಟದ ಯಾವ ಪಕ್ಕಕ್ಕೆ ಹೊಡೀಲಿ ಆವುಲಾ? ಗಾಡಿ ಎಡಕ್ಕೆ ತಿರುಗ್ಬೇಕಾದ್ರೆ ಯಾವ ಕಡೆ ಮುಂದಕ್ಕೆ ನೂಕ್ಬೇಕು?"

ಆವುಲಪ್ಪ ಆಗ ಗೂಳಿಬಂಡೆಯ ಮೂರನೇ ತಿರುವಿನಲ್ಲಿದ್ದ. "ಇದೇನಣ್ಣ ಇಂಗ್ ಕೇಳ್ತೀಯ? ಗಾಡಿ ಹೊಡ್ದೋನಲ್ವಾ ನೀನು? ಎಡಕ್ಕೆ ಹೋಗ್ಬೇಕಾದ್ರೆ ಬಲದೆತ್ತು ತಾನೆ ಮುಂದಕ್ಕೋಗೋದು!"

"ಅದೂ ಸರಿ ಅನ್ನು," ಎಂದು ಮುತ್ತರಾಯಪ್ಪ ಬಲಕ್ಕೆ ತೂತು ಹೊಡೆದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇಬ್ಬರೂ ತಲೆದೂಗಿ ಎಲೆಅಡಿಕೆ ಹಾಕಿಕೊಂಡರು. ಮಾರನೆಯ ದಿನ ಮುತ್ತರಾಯಪ್ಪ ಮಗಳ ಬಾಣಂತನವೆಂದು ಕುಲುಮೆ ಮುಚ್ಚಿ ಸೂಳಗಿರಿಗೆ ಹೋದ.

ಪರೀಕ್ಷೆಗೆ ವೆಂಕಟರಾಮಪ್ಪನೇ ಪಕ್ಕದಲ್ಲಿ ಕೂತ. ಖಾಲಿ ಹೊಲದಲ್ಲಿ ಜೀಪು ಗತ್ತಿನಿಂದ ಹೊರಟಿತು. ಎದುರಿಗೆ ತುಸು ಬಲಕ್ಕೆ ಹುಲ್ಲಿನ ಮೆದೆ. ಆವುಲಪ್ಪ ಎಡಕ್ಕೆ ತಿರುಗಿಸಿದ, ಜೀಪು ಬಲಕ್ಕೆ ಹೋಯಿತು. ಇನ್ನೂ ಜೋರಾಗಿ ಎಡಕ್ಕೆ ತಿರುಗಿಸಿದ, ಅದು ಇನ್ನೂ ಜೋರಾಗಿ ಬಲಕ್ಕೆ ಹೋಗಿ ಮೆದೆಯೊಳಗೆ ಮೂಗು ತೂರಿಸಿ ನಿಂತಿತು. ಆಗ ಅವನಿಗೆ ಹೊಳೆಯಿತು. ನಾಲ್ಕು ವರ್ಷ ಮಿಲಿಟರಿಯಲ್ಲಿ ಕಲಿತದ್ದನ್ನು ಒಂದು ಗಳಿಗೆಯಲ್ಲಿ ಮರೆತು, ಜೀಪಿಗೆ ಎತ್ತಿನ ಬುದ್ಧಿ ಕೊಟ್ಟಿದ್ದ.

ವೆಂಕಟರಾಮಪ್ಪ ತಲೆಯಿಂದ ಹುಲ್ಲು ಕೊಡವಿಕೊಂಡು ಇಳಿದ. "ಸಾಕಪ್ಪಾ ಈ ಸಹವಾಸ. ಕೃಷ್ಣಗಿರಿ ಮಾವಿನ ಮಂಡಿಯೋರು ಕೇಳ್ತಾ ಅವ್ರೆ. ನಾಳೆ ಬೆಳಗ್ಗೆ ಬಂದು ಎಳ್ಕೊಂಡ್ ಹೋಗ್ಲಿ."

"ಅಣ್ಣಾ, ಮುತ್ತರಾಯಪ್ಪ ಬರೋಗಂಟ..."

"ಅವ್ನು ಬರೋದು ಹದಿನೈದು ದಿನ. ಮೊದಲ್ನೇ ಸವಾರಿ ನಿಂದು ಅಂತ ಮಾತು ಕೊಟ್ಟಿದ್ದೀನಿ, ಇಲ್ಲ ಅನ್ನಲ್ಲ. ಇವತ್ತು ಸಂಜೆಗಂಟ ನಿಂದೇ. ಆದ್ರೆ ಇದ್ರಲ್ಲಿ ಬೆಟ್ಟ ಹತ್ತೋನು ಮನುಷ್ಯನಲ್ಲ ಬುಡು."

ಆವುಲಪ್ಪ ಮನೆಗೆ ಬಂದು ಜಗಲಿಯ ಕೆಳಗೆ ಕುಸಿದ. ಮುಚ್ಚಿಡಲು ಹೋಗಲಿಲ್ಲ, ಎಲ್ಲವನ್ನೂ ಹೇಳಿ ಚಿಕ್ಕ ಮಗುವಿನಂತೆ ಅತ್ತ. ಭದ್ರಮ್ಮ ಹುಣಸೆ ಜಜ್ಜುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಆಮೇಲೆ ನಕ್ಕಳು. ಬಿದ್ದ ಮೇಲೆ ಅವಳು ಹಾಗೆ ನಕ್ಕದ್ದನ್ನು ಅವನು ನೋಡಿರಲಿಲ್ಲ.

"ಅಳ್ತೀಯಲ್ಲೋ. ಎತ್ತು ತಿರುಗೋದೇ ಹಂಗಲ್ವೇನೋ? ಎತ್ತಿ ಕೂರ್ಸು ನನ್ನ."

"ಬ್ಯಾಡಕ್ಕ. ನನ್ ಕೈಗೆ ಮಿಲಿಟರಿ ರೂಢಿ ಬಿದ್ದಯ್ತೆ. ಹೆದ್ರಿದ್ರೆ ತಪ್ಪೇ ತಿರುಗಿಸ್ತೀನಿ. ಮೂರ್ನೇ ತಿರುವಲ್ಲಿ ಪ್ರಪಾತ."

"ನಿನ್ ಕೈಗೆ ರೂಢಿ ಇಲ್ದಿದ್ರೆ ನನ್ ಬಾಯಿಗೈತೆ. ಇವತ್ತು ಬುಟ್ರೆ ಇನ್ಯಾವತ್ತು? ಎತ್ತೋ ಅಂದ್ರೆ."

ಅದು ಅಮೆರಿಕದ ಗಾಡಿ, ಸ್ಟೇರಿಂಗು ಎಡಕ್ಕೆ. ಭದ್ರಮ್ಮ ಬಲಕ್ಕೆ ಕೂತಳು. ಬೀಳದಂತೆ ಅವಳ ಸೊಂಟಕ್ಕೆ ಹಗ್ಗ ಸುತ್ತಿ ಸೀಟಿಗೆ ಕಟ್ಟಿದ. ಬುಡದವರೆಗಿನ ದಾರಿಯಲ್ಲಿ ಅವಳು ಅವನಿಗೆ ಪಾಠ ಹೇಳಿದಳು. ಮುಂದೆ ಎರಡು ಎತ್ತಿವೆ ಅಂದುಕೊ. ಬಲಕ್ಕೆ ಕೆಂದ, ಎಡಕ್ಕೆ ಮೈಲ. ಕೆಂದ ಅಂದರೆ ಸ್ಟೇರಿಂಗು ಬಲಕ್ಕೆ, ಮೈಲ ಅಂದರೆ ಎಡಕ್ಕೆ. ಗಾಡಿ ಎತ್ತ ಹೋಗುತ್ತದೆಂದು ನೀನು ಯೋಚನೆ ಮಾಡಬೇಡ, ಅದು ನನಗಿರಲಿ.

ಬೆಟ್ಟ ಶುರುವಾಯಿತು. ದೊಡ್ಡ ಚಕ್ರಗಳು ಗುಂಡುಕಲ್ಲುಗಳನ್ನು ಒಂದೊಂದಾಗಿ ತಬ್ಬಿ ಹತ್ತಿದವು. ಅಗಲದ ಅಚ್ಚು ಕೊರಕಲಿನ ಎರಡೂ ದಡ ಹಿಡಿದು ನಡೆಯಿತು. ಕೆಳಗೆ ಕೆಲಮಂಗಲ, ಆಚೆ ಕೆರೆಗಳು, ಅದರಾಚೆ ಬಿಸಿಲಿನಲ್ಲಿ ಕರಗಿದಂತಿದ್ದ ಸೂಳಗಿರಿಯ ಗುಡ್ಡಗಳು. ಅವನು ಕಂಡ ಕನಸೇ ಅದು, ತಂಗಾಳಿಯೂ ಇತ್ತು. ಕನಸಿನಲ್ಲಿ ಇಲ್ಲದೆ ಇದ್ದದ್ದು ಅಕ್ಕನ ಗಂಟಲು ಮಾತ್ರ.

"ಕೆಂದಾ, ಕೆಂದಾ... ಸಾಕು! ಮೈಲಾ! ಹೋ ಹೋ ಹೋ... ಮೆಲ್ಲಗೆ ನನ್ನಪ್ಪಾ!"

ಮೂರನೇ ತಿರುವು ಬಂತು. ದಾರಿ ಎಡಕ್ಕೆ ಹೊರಳುತ್ತದೆ, ಬಲಕ್ಕೆ ಬಾಯಿ ತೆರೆದ ಕಣಿವೆ. ಪಾತಾಳ ಕಣ್ಣಿಗೆ ಬಿದ್ದದ್ದೇ ತಡ, ಆವುಲಪ್ಪನ ಕೈ ಹೆದರಿ ಎಡಕ್ಕೆ ತಿರುಗಿಸಿಬಿಟ್ಟಿತು. ಮುಂದಿನ ಚಕ್ರ ಅಂಚಿನ ಮಣ್ಣನ್ನು ಉದುರಿಸಿತು.

"ಕೆಂದನ್ನ ಹೊಡಿಯೋ ಮುಂಡೇದೇ!" ಎಂದು ಭದ್ರಮ್ಮ ಬೆಟ್ಟ ಮಾರ್ದನಿಸುವ ಹಾಗೆ ಕೂಗಿ, ಬಗ್ಗಿ, ಅವನ ಕೈಯ ಮೇಲೆ ತನ್ನ ಕೈ ಹಾಕಿ ಬಲಕ್ಕೆ ಎಳೆದಳು. ಒಂಟಿಯಾಗಿ ಎರಡೆತ್ತು ಹಿಡಿದು ಹೊಲ ಉತ್ತ ಕೈ. ಆವುಲಪ್ಪನಿಗೆ ಅದರ ಎದುರು ಬಲವೇ ಇರಲಿಲ್ಲ. ಜೀಪು ಎಡಕ್ಕೆ ಹೊರಳಿ ಬಂಡೆಯ ಮೈಗೆ ಆತುಕೊಂಡು ನಿಂತಿತು.

"ನಡಿ," ಎಂದಳು ಆಮೇಲೆ. ಅವಳ ಕೈ ಅಲ್ಲಿಂದ ಮುಂದಕ್ಕೆ ಸ್ಟೇರಿಂಗಿನ ಮೇಲೆಯೇ ಇತ್ತು. ಅವನು ಗೇರು ಬದಲಿಸಿದ, ಪೆಡಲು ತುಳಿದ. ದಾರಿ ಅವಳದಾಯಿತು.

ಗೂಳಿಬಂಡೆಯ ಇಪ್ಪತ್ತು ಮನೆಯವರೂ ಸದ್ದಿಗೆ ಹೊರಗೆ ಬಂದಿದ್ದರು. ಚಿಕ್ಕಪ್ಪನ ಸೊಸೆ ನಾರಾಯಣಮ್ಮ ಚೊಂಬಿನಲ್ಲಿ ನೀರು ಹಿಡಿದು ಓಡಿ ಬಂದು, ಜೀಪಿನಲ್ಲಿ ಕೂತಿದ್ದವಳ ಕಾಲಿಗೆ ಹುಯ್ದಳು. ನೀರು ತಣ್ಣಗಿತ್ತೋ ಬೆಚ್ಚಗಿತ್ತೋ ಭದ್ರಮ್ಮನಿಗೆ ಗೊತ್ತಾಗಲಿಲ್ಲ. ಅದು ಪಾದದ ಮೇಲಿಂದ ತವರಿನ ಮಣ್ಣಿಗೆ ಇಳಿಯುವುದನ್ನು ಬಗ್ಗಿ ನೋಡಿದಳು.

"ಅಂತೂ ತಮ್ಮ ನಿನ್ನ ಕರ್ಕೊಂಡ್ ಬಂದನಲ್ಲಕ್ಕಾ!" ಎಂದು ನಾರಾಯಣಮ್ಮ ಕಣ್ಣೊರೆಸಿಕೊಂಡಳು.

"ಯಾರಮ್ಮ ಕರ್ಕೊಂಡ್ ಬಂದೋನು?" ಭದ್ರಮ್ಮ ಸೆರಗು ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿದಳು. "ಹೊಡ್ಕೊಂಡ್ ಬಂದೋಳು ನಾನು. ಅವ್ನು ಜೊತೆಗಿದ್ದ."

ಎಲ್ಲರೂ ಆವುಲಪ್ಪನ ಕಡೆ ನೋಡಿದರು. ಊರಿನವರು ಏನೇನು ಹೊಗಳುತ್ತಾರೆಂದು ಅವನು ತಿಂಗಳುಗಟ್ಟಲೆ ಕನಸು ಕಂಡಿದ್ದ. ಅದರಲ್ಲಿ ಒಂದೂ ಈಗ ಅವನಿಗೆ ಬೇಕಾಗಿರಲಿಲ್ಲ.

"ಹೂಂ ಕಣಮ್ಮ," ಎಂದ. "ಅಕ್ಕನೇ ಹೊಡ್ಕೊಂಡ್ ಬಂದ್ಲು. ನನಗೆ ದಾರಿನೇ ಗೊತ್ತಿರಲಿಲ್ಲ."