ಕಮರಿಪೇಟೆಯಲ್ಲಿ ಸುತ್ತಿದ ಮೋಟರ್

2005ರಲ್ಲಿ ನಾನು ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ವಿಭಾಗದಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದೆ. ವಯಸ್ಸು ಇಪ್ಪತ್ತೈದು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ವಿದ್ಯಾರ್ಥಿಗಳಿಗೆ ಉಪಕರಣ ಕೊಡುವುದು, ಎಣಿಸಿ ವಾಪಸ್ ಪಡೆಯುವುದು, ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಬರೆಯುವ ಚಟ ನನಗೆ ಮೊದಲಿನಿಂದಲೂ ಇತ್ತು. ಕಾಲೇಜಿನ ರಿಜಿಸ್ಟರ್ ಮುಗಿಸಿ ಮನೆಗೆ ಹೋಗಿ ನನ್ನದೇ ದಿನಚರಿ ಬರೆಯುತ್ತಿದ್ದೆ. ಇಲ್ಲಿಯ ದಿನಾಂಕ, ಅಂಕಿಗಳೆಲ್ಲ ಅದರಿಂದ ತೆಗೆದುಕೊಂಡವು. ಇಲ್ಲಿ ಹೇಳುವ ಘಟನೆಯಾಗಿ ಈಗ ನಾಲ್ಕು ವರ್ಷ.

ಜನವರಿ 10, ಸೋಮವಾರ. ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು, ಮಾರ್ಚ್‌ನಲ್ಲಿ ಧಾರವಾಡದ ಒಂದು ಕಾಲೇಜಿನಲ್ಲಿ ನಡೆಯುವ ರೋಬೋಟ್ ಸ್ಪರ್ಧೆಗೆ ನಮ್ಮ ಅಂತಿಮ ವರ್ಷದ ನಾಲ್ವರ ತಂಡ ಹೋಗುತ್ತದೆ, ಅದನ್ನು ನೀನೇ ನೋಡಿಕೊಳ್ಳಬೇಕು ಎಂದರು. ಗೋಕುಲ ರಸ್ತೆಯ ಒಂದು ಪಂಪ್ ಕಾರ್ಖಾನೆ ಆ ಸ್ಪರ್ಧೆಗೆ ನೆರವು ಕೊಟ್ಟಿತ್ತು. ಮೊದಲ ಎರಡು ಸ್ಥಾನ ಪಡೆದ ತಂಡದವರನ್ನು ತನ್ನ ಟೆಸ್ಟಿಂಗ್ ವಿಭಾಗಕ್ಕೆ ಟ್ರೇನಿಗಳಾಗಿ ತೆಗೆದುಕೊಳ್ಳುವುದಾಗಿ ಹೇಳಿತ್ತು. ಎಲೆಕ್ಟ್ರಿಕಲ್ ಓದಿದವರಿಗೆ ಹುಬ್ಬಳ್ಳಿಯಲ್ಲೇ ಕೆಲಸ ಸಿಗುವುದು ಆಗ ಸಣ್ಣ ಮಾತಲ್ಲ.

ತಂಡದಲ್ಲಿ ಮೂವರು ಹುಡುಗರು, ಒಬ್ಬಳು ಹುಡುಗಿ. ಹುಡುಗರ ಮುಂದಾಳು ವಿನಾಯಕ. ಮಾತಿನಲ್ಲಿ ಚುರುಕು, ಯಾರ ಮುಂದೆಯೂ ಅಂಜದವನು. ಉಳಿದಿಬ್ಬರು ಅವನು ಎದ್ದರೆ ಏಳುವವರು, ಕೂತರೆ ಕೂರುವವರು. ಹುಡುಗಿ ನಸೀಮಾ. ಅವಳ ತಂದೆ ದಾವಲಸಾಬರಿಗೆ ಕಮರಿಪೇಟೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇತ್ತು. ಸುಟ್ಟ ಮೋಟರಿನ ಹಳೆಯ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದಕ್ಕೆ ರಿವೈಂಡಿಂಗ್ ಎನ್ನುತ್ತಾರೆ. ನಸೀಮಾಳಿಗೆ ಇನ್ನೂ ಇಬ್ಬರು ತಂಗಿಯರಿದ್ದರು. ದಾವಲಸಾಬರ ಕಣ್ಣು ಮಂದವಾಗುತ್ತಿತ್ತು. ತೆಳುವಾದ ತಂತಿಯ ಕೆಲಸವನ್ನೆಲ್ಲ ಸಂಜೆ ಅವಳೇ ಮಾಡುತ್ತಿದ್ದಳು. ಹೀಗಾಗಿ ಐದೂ ನಲವತ್ತರ ಬಸ್ಸನ್ನು ಅವಳು ಎಂದೂ ತಪ್ಪಿಸುವಂತಿರಲಿಲ್ಲ. ಕಾರ್ಖಾನೆಯ ಕೆಲಸ ಸಿಕ್ಕರೆ ಆ ಬೆಂಚಿನಿಂದ ಏಳಬಹುದು ಎಂದು ಅವಳು ಒಮ್ಮೆ ನನ್ನೆದುರು ಹೇಳಿದ್ದಳು.

ವಿಭಾಗ ಕೊಟ್ಟದ್ದು ಎರಡು ಸಾವಿರ, ನಾಲ್ವರು ಹಾಕಿದ್ದು ತಲಾ ಮುನ್ನೂರು. ಹೊಸ ಗೇರ್ ಮೋಟರ್ ಜೋಡಿ ಕೊಂಡರೆ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಗುತ್ತಿತ್ತು. ಆದ್ದರಿಂದ ಗಬ್ಬೂರ ಬೈಪಾಸಿನ ಗುಜರಿಯಿಂದ ಗಾಲಿಗೊಂದರಂತೆ ಎರಡು ವೈಪರ್ ಮೋಟರ್ ತಂದೆವು. ಲಾರಿ, ಜೀಪುಗಳ ಮುಂಗಾಜು ಒರೆಸುವ ಕಡ್ಡಿಯನ್ನು ತಿರುಗಿಸುವ ಮೋಟರ್ ಇದು. ನಿಧಾನ, ಆದರೆ ಬಲ ಬಹಳ. ಕಷ್ಟವೇನೆಂದರೆ ಒಂದು ಜೀಪಿನದು, ಇನ್ನೊಂದು ಟೆಂಪೋದ್ದು. ಒಂದೇ ಬ್ಯಾಟರಿಗೆ ಜೋಡಿಸಿದರೆ ನಿಮಿಷಕ್ಕೆ ಒಂದು ನಲವತ್ತು ಸಲ, ಇನ್ನೊಂದು ನಲವತ್ತೆಂಟು ಸಲ ತಿರುಗುತ್ತಿತ್ತು.

ಸ್ಪರ್ಧೆಯ ಹಾದಿಯಲ್ಲಿ ಆರು ಅಡಿ ಉದ್ದ, ಒಂದು ಅಡಿ ಅಗಲದ ಹಲಗೆಯ ಸೇತುವೆ ಇತ್ತು. ನಮ್ಮ ಯಂತ್ರ ಹತ್ತು ಇಂಚು ಅಗಲ. ಅಂದರೆ ಎರಡೂ ಬದಿಗೆ ಒಂದೊಂದೇ ಇಂಚು ಜಾಗ. ವೈರಿನ ತುದಿಯಲ್ಲಿದ್ದ ಸ್ವಿಚ್ಚುಗಳಿಂದ ಮುಂದೆ, ಹಿಂದೆ ಎಂದಷ್ಟೇ ಹೇಳಬಹುದಿತ್ತು, ವೇಗ ಬದಲಿಸಲು ಬರುತ್ತಿರಲಿಲ್ಲ. ಜನವರಿ 24ರಂದು ಲ್ಯಾಬಿನಲ್ಲಿ ಹಲಗೆ ಹಾಕಿ ಒಂಬತ್ತು ಸಲ ಓಡಿಸಿದೆವು. ಒಂಬತ್ತು ಸಲವೂ ಎರಡಡಿ ದಾಟುವ ಮೊದಲೇ ಹೊರಳಿ ಕೆಳಗೆ ಬಿತ್ತು.

"ಒಂದ್ ಕಾಲು ಜೀಪಂದು, ಒಂದ್ ಕಾಲು ಟೆಂಪೋದ್ದು. ಇದೇನ್ ನಡೀತೈತ್ರಿ ಸರ್, ಕುಣೀತೈತಿ," ಎಂದ ವಿನಾಯಕ.

ನಸೀಮಾ ವೇಗದ ಮೋಟರನ್ನು ಬಿಚ್ಚಿ ಒಳಗಿನ ಆರ್ಮೇಚರನ್ನು ಬೆಳಕಿಗೆ ಹಿಡಿದಳು. ಆರ್ಮೇಚರ್ ಎಂದರೆ ತಂತಿ ಸುತ್ತಿರುವ, ತಿರುಗುವ ಭಾಗ. "ಇದರಾಗ ಸುತ್ತು ಹೆಚ್ಚ ಮಾಡಿದ್ರ ವೇಗ ಕಡಿಮಿ ಆಕ್ಕೈತ್ರಿ ಸರ್. ಜೋಡಿ ಕೂಡ್ತಾವ."

"ಹಂಗಾದ್ರ ಮನಿಗೆ ಒಯ್ದು ಸುತ್ಕೊಂಡ್ ಬಾರವಾ. ನಿಮ್ಮನ್ಯಾಗ ಅದ ಕೆಲಸ ಅಲ್ಲ?" ಎಂದು ವಿನಾಯಕ ನಕ್ಕ. ಉಳಿದಿಬ್ಬರೂ ನಕ್ಕರು. ಅವಳು ಮೋಟರನ್ನು ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದಳು.

ಮೂರು ಸಲ ಸುತ್ತಿದಳು. ಮೊದಲ ಸಲ ಅದೇ ದಪ್ಪದ ತಂತಿಯನ್ನು ಒತ್ತಿ ತುರುಕಿದ್ದರಿಂದ ಅದರ ಮೇಲಿನ ಲೇಪ ಕಿತ್ತು ಮೋಟರ್ ಶಾರ್ಟ್ ಆಯಿತು. ಎರಡನೆಯ ಸಲ ಇಪ್ಪತ್ತೆರಡು ಸುತ್ತು ಹಾಕಿದಳು, ವೇಗ ಇನ್ನೂ ಹೆಚ್ಚೇ ಇತ್ತು. ಮೂರನೆಯ ಸಲ ಒಂದು ನಂಬರ್ ತೆಳು ತಂತಿ ತೆಗೆದುಕೊಂಡು ಇಪ್ಪತ್ತರ ಜಾಗದಲ್ಲಿ ಇಪ್ಪತ್ನಾಲ್ಕು ಸುತ್ತು ಕೂಡಿಸಿದಳು. ಆರ್ಮೇಚರಿನಲ್ಲಿ ತಂತಿ ಕೂರುವ ಹನ್ನೆರಡು ತೋಡುಗಳಿರುತ್ತವೆ. ಒಂದರಲ್ಲಿ ಎಣಿಕೆ ತಪ್ಪಿದರೂ ಮೋಟರ್ ನಡುಗುತ್ತದೆ. ಫೆಬ್ರವರಿ 14ರಂದು ತಂದು ಜೋಡಿಸಿದಾಗ ಎರಡೂ ನಲವತ್ತಕ್ಕೆ ನಿಂತವು. ಯಂತ್ರ ಆರು ಅಡಿ ಸೇತುವೆಯನ್ನು ಅರ್ಧ ಇಂಚೂ ಅಲುಗದೆ ದಾಟಿತು. "ಹಳೇ ಸುತ್ತು 20, ಹೊಸ ಸುತ್ತು 24" ಎಂದು ನಾನು ರಿಜಿಸ್ಟರಿನಲ್ಲಿ ಬರೆದುಕೊಂಡೆ. ಯಾರು ಸುತ್ತಿದರು ಎಂದು ಬರೆಯಲಿಲ್ಲ. ಆ ಪುಟದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಫೆಬ್ರವರಿ 25ರಂದು ಧಾರವಾಡದಿಂದ ಪತ್ರ ಬಂತು. ಹಾದಿಯ ಬದಿಯಲ್ಲಿ ಜಾಗ ಸಾಲದು, ಪ್ರತಿ ತಂಡದಿಂದ ಮೂವರ ಹೆಸರು ಮಾತ್ರ ಕಳಿಸಿ ಎಂದು. ಮುಖ್ಯಸ್ಥರು ಪತ್ರವನ್ನು ನನ್ನ ಕಡೆ ಸರಿಸಿದರು. "ನಿನ್ನ ಹತ್ರ ರಿಜಿಸ್ಟರ್ ಐತಲ್ಲಪಾ. ಹೆಚ್ಚು ತಾಸು ಕೆಲಸ ಮಾಡಿದ ಮೂರು ಮಂದಿ ಹೆಸರು ಬರದು ಕಳಸು. ನಾಳೆ ಯಾರೂ ಬಂದು ಜಗಳಾ ಮಾಡಬಾರ್ದು."

ನಾನು ಕೂಡಿಸಿದೆ. ವಿನಾಯಕ 61 ತಾಸು. ಉಳಿದ ಇಬ್ಬರು ಹುಡುಗರು 54 ಮತ್ತು 47. ನಸೀಮಾ 19.

ನನ್ನ ರಿಜಿಸ್ಟರಿನಲ್ಲಿ ಲ್ಯಾಬಿಗೆ ಬಂದ ಸಮಯ, ಹೋದ ಸಮಯ ಇಷ್ಟೇ ಇರುತ್ತಿತ್ತು. ವಿನಾಯಕನ ಅರವತ್ತೊಂದು ತಾಸಿನಲ್ಲಿ ಮೇಜಿನ ಮೇಲೆ ಅಂಗಾತ ಮಲಗಿದ ತಾಸುಗಳಿದ್ದವು, ಕ್ರಿಕೆಟ್ ಕಾಮೆಂಟರಿ ಕೇಳಿದ ತಾಸುಗಳಿದ್ದವು. ನಾನೇ ನೋಡಿದ್ದೆ. ಕಮರಿಪೇಟೆಯ ಬೆಂಚಿನ ಮೇಲೆ ಮೂರು ವಾರ ನಡೆದ ಕೆಲಸ ಅದರಲ್ಲಿ ಇರಲಿಲ್ಲ. ಅದೂ ನನಗೆ ಗೊತ್ತಿತ್ತು. ಮುಖ್ಯಸ್ಥರ ಬಳಿ ಹೋಗಿ ಹೀಗಿದೆ ಎಂದು ಹೇಳಲು ಒಂದು ನಿಮಿಷ ಸಾಕಿತ್ತು. ಆದರೆ ಒಂದು ಹೆಸರಿಗಾಗಿ ರಿಜಿಸ್ಟರನ್ನು ಬದಿಗಿಟ್ಟರೆ ಮೂರು ವರ್ಷದ ನನ್ನ ಶಿಸ್ತಿಗೆ ಬೆಲೆಯೇನು ಎಂದುಕೊಂಡೆ. ಮೂವರು ಹುಡುಗರ ಹೆಸರು ಬರೆದು ಅಂದೇ ಅಂಚೆಗೆ ಹಾಕಿದೆ.

ಮರುದಿನ ಶನಿವಾರ ನಸೀಮಾಳನ್ನು ಕರೆದು ಪುಟ ತೋರಿಸಿದೆ. ಅವಳು ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಓದಿದಳು. ತಂತಿ ಎಳೆದು ಎಳೆದು ಆ ಬೆರಳಿನ ಮಡಿಕೆಯಲ್ಲಿ ಸೀಳು ಬಿದ್ದಿತ್ತು.

"ಮನ್ಯಾಗ ಮಾಡಿದ್ದು ಎಲ್ಲೈತ್ರಿ ಸರ್?"

"ಮನ್ಯಾಗಿಂದು ನಾ ನೋಡಿಲ್ಲವಾ. ನೋಡಲಾರದ್ದನ್ನ ಬರಿಯಾಕ ಬರಂಗಿಲ್ಲ."

ಅವಳು ಎರಡು ಪುಟ ಹಿಂದೆ ತಿರುವಿದಳು. "ಇಪ್ಪತ್ನಾಲ್ಕು ಸುತ್ತು ಅಂತ ಬರದೀರಲ್ರಿ. ಅದನ್ನ ಯಾವಾಗ ನೋಡಿದ್ರಿ?"

ಹೆಸರುಗಳ ಪತ್ರ ನಿನ್ನೆಯೇ ಹೋಗಿದೆ ಎಂದೆ. ವಿನಾಯಕ ಬಾಗಿಲಲ್ಲೇ ನಿಂತಿದ್ದ. "ಬ್ಯಾಸರಾ ಮಾಡ್ಕೋಬ್ಯಾಡ ನಸೀಮಾ. ಹೆಂಗೂ ನೀ ಬಸ್ ಹಿಡಿಯಾಕ ಅರ್ಧಕ್ಕ ಬಿಟ್ಟ ಓಡಾಕಿ. ಅಲ್ಲಿ ಧಾರವಾಡದಾಗ ಆರರ ತನಕ ಐತಿ. ಮಷೀನ್ ಬಿಟ್ಟು ಓಡಿದ್ರ ಏನ್ ಮಾಡೂಣು?" ಎಂದ.

ಅವಳು ಚೀಲ ಹೆಗಲಿಗೇರಿಸಿ ನನ್ನ ಕಡೆ ತಿರುಗಿ, "ಕಾರ್ಬನ್ ಬ್ರಷ್ ಹೊಸಾದು ಹಾಕೇನ್ರಿ. ಬಿಸಿ ಆದ್ರ ಹತ್ತು ನಿಮಿಷ ಬಿಡ್ರಿ, ಇಲ್ಲಂದ್ರ ಸುಡತೈತಿ," ಎಂದಳು. ನಾನು ಅದನ್ನೂ ಬರೆದುಕೊಂಡೆ.

ಮಾರ್ಚ್ 12ರಂದು ಸ್ಪರ್ಧೆ. ಹದಿನಾಲ್ಕು ತಂಡಗಳು. ಅವುಗಳಲ್ಲಿ ಒಂಬತ್ತು ಸೇತುವೆಯ ಮೇಲೇ ಬಿದ್ದು ಸೋತವು. ನಮ್ಮದು ಮೂರು ಸುತ್ತಿನಲ್ಲೂ ನೆಟ್ಟಗೆ ದಾಟಿತು. ಎರಡನೆಯ ಸುತ್ತು ಮುಗಿದಾಗ ಮೋಟರ್ ಬಿಸಿಯಾಗಿತ್ತು. ರಿಜಿಸ್ಟರ್ ನೋಡಿ ಹತ್ತು ನಿಮಿಷ ಆರಲು ಬಿಟ್ಟೆ. ಕೊನೆಗೆ ಕಾರ್ಖಾನೆಯಿಂದ ಬಂದಿದ್ದ ತೀರ್ಪುಗಾರರು ಯಂತ್ರದ ಪಕ್ಕ ಮೊಣಕಾಲೂರಿ ಕುಳಿತರು. ನರೆತ ಮೀಸೆಯ ಹಿರಿಯ ಅಧಿಕಾರಿ. ಕೈಯಿಂದ ಎರಡೂ ಗಾಲಿ ತಿರುಗಿಸಿ ನೋಡಿದರು.

"ಒಂದು ಜೀಪಂದು, ಒಂದು ಟೆಂಪೋದ್ದು. ಹೆಂಗಪಾ ಸೀದಾ ಹೋತು ಇದು?"

"ರಿವೈಂಡ್ ಮಾಡೇವ್ರಿ ಸರ್," ಎಂದ ವಿನಾಯಕ.

"ಯಾರು ಮಾಡಿದ್ರಿ?"

"ನಾವ ಮೂರೂ ಮಂದಿ ಕೂಡಿ ಮಾಡೇವ್ರಿ."

"ಹೌದಾ? ಎಷ್ಟು ಸುತ್ತು ಹಾಕಿದ್ರಿ?"

ವಿನಾಯಕ ನನ್ನತ್ತ ನೋಡಿದ. ಅವನಿಗೆ ಗೊತ್ತಿರಲಿಲ್ಲ. ನಾನು ಸುಮ್ಮನಿದ್ದಿದ್ದರೂ ಸಾಕಿತ್ತು, ಅವನು ಅಲ್ಲೇ ಸಿಕ್ಕಿಬೀಳುತ್ತಿದ್ದ. ರಿಜಿಸ್ಟರ್ ನನ್ನ ಕೈಯಲ್ಲೇ ಇತ್ತು. ತೆರೆದು ಓದಿದೆ. "ಮೊದ್ಲ ಇಪ್ಪತ್ತಿತ್ರಿ. ಇಪ್ಪತ್ನಾಲ್ಕು ಮಾಡೇವಿ. ತಂತಿ ಒಂದು ನಂಬರ್ ತೆಳು."

ಅಧಿಕಾರಿ ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡರು. "ಬರದ ಇಟ್ಟೀರಿ, ಭಾಳ ಛಲೋ. ಪುಸ್ತಕಾ ಓದಿದ ಇಂಜಿನಿಯರ್ ರಗಡ ಸಿಗತಾರ. ಕೈಲೆ ಸುತ್ತಾವ್ರು ಸಿಗಂಗಿಲ್ಲ. ಪರೀಕ್ಷಾ ಮುಗಿದ ಮ್ಯಾಲೆ ಮೂರೂ ಮಂದಿ ಬರ್ರಿ."

ನಮಗೆ ಎರಡನೆಯ ಸ್ಥಾನ ಬಂತು. ಸೋಮವಾರ ಸೂಚನಾ ಫಲಕದಲ್ಲಿ ಮೂವರು ಹುಡುಗರ ಜೊತೆ ನಾನೂ ನಿಂತಿರುವ ಫೋಟೋ ಹಾಕಿದರು. ಮುಖ್ಯಸ್ಥರು ನನ್ನ ರಿಜಿಸ್ಟರನ್ನು ಬೇರೆ ಲ್ಯಾಬುಗಳಿಗೂ ಮಾದರಿಯಾಗಿ ತೋರಿಸಿದರು. ನಸೀಮಾ ಪರೀಕ್ಷೆ ಮುಗಿಯುವವರೆಗೂ ಕಾಲೇಜಿಗೆ ಬಂದಳು. ಲ್ಯಾಬಿಗೆ ಬಂದಾಗ ಸಮಯ ಬರೆದು ಸಹಿ ಹಾಕಿ ತನ್ನ ಕೆಲಸ ಮುಗಿಸಿ ಹೋಗುತ್ತಿದ್ದಳು. ಜೂನ್‌ನಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದಳು. ಜುಲೈನಲ್ಲಿ ಮೂವರು ಹುಡುಗರು ಕಾರ್ಖಾನೆ ಸೇರಿದರು.

ನವೆಂಬರಿನಲ್ಲಿ ನಮ್ಮ ಲ್ಯಾಬಿನ ಒಂದು ಮೋಟರ್ ಸುಟ್ಟಿತು. ಅದನ್ನು ಕಮರಿಪೇಟೆಗೆ ಒಯ್ದೆ. ಬೇರೆ ಅಂಗಡಿಗಳೂ ಇದ್ದವು. ದಾವಲಸಾಬರ ಅಂಗಡಿಗೇ ಯಾಕೆ ಹೋದೆನೆಂದು ದಿನಚರಿಯಲ್ಲಿ ಬರೆದಿಲ್ಲ. ದಾವಲಸಾಬರು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದರು. ನಸೀಮಾ ಒಳಗೆ ಬೆಂಚಿನಲ್ಲಿದ್ದಳು, ಕೈಯಲ್ಲಿ ಆರ್ಮೇಚರ್, ತುಟಿಯಲ್ಲಿ ಎಣಿಕೆ. ಅಷ್ಟರಲ್ಲಿ ಒಂದು ಟಂಟಂ ಆಟೋ ಬಂದು ನಿಂತಿತು. ಕಾರ್ಖಾನೆಯ ನೀಲಿ ಅಂಗಿ ತೊಟ್ಟ ವಿನಾಯಕ ಇಳಿದು ಮೂರು ಸುಟ್ಟ ಮೋಟರ್‌ಗಳನ್ನು ಒಳಗಿಡಿಸಿದ.

"ನಸೀಮಾ, ನಾಳಿಗೇ ಬೇಕವಾ. ನಮ್ ಸಾಹೇಬ್ರು ಬೆನ್ನ ಹತ್ಯಾರ." ಆಮೇಲೆ ನನ್ನನ್ನು ಕಂಡು ಮುಖ ಅರಳಿಸಿದ. "ಸರ್! ಆರಾಮ ಇದ್ದೀರಿ? ಟೆಸ್ಟಿಂಗನ್ಯಾಗ ಸುಟ್ಟದ್ದನ್ನೆಲ್ಲ ನಮಗ ಕೊಡ್ತಾರ್ರಿ, ಸುತ್ತಾಕ ಬರ್ತೈತಿ ಅಂತ. ನಾ ಇಲ್ಲಿಗೇ ತಂದ ಕೊಡ್ತೇನಿ. ನಮ್ಮ ಕ್ಲಾಸಿನಾಕಿ, ನಾಕ ರೊಕ್ಕ ಆಕಿಗೂ ಸಿಗಲಿ ಅಂತ."

ಅವನು ಅದನ್ನು ನಿಜವಾಗಿಯೂ ಉಪಕಾರವೆಂದೇ ತಿಳಿದಿದ್ದ. ದಾವಲಸಾಬರು ಅವನಿಗೆ ಚಹಾ ತರಿಸಿದರು. ಅವನು ಕುಡಿದು ಹೋದ.

ನಾನು ಬೆಂಚಿನ ಹತ್ತಿರ ಹೋಗಿ ನಿಂತೆ. ಆ ಅಧಿಕಾರಿಯ ಹತ್ತಿರ ಹೋಗಿ ನಿನ್ನ ವಿಷಯ ಮಾತಾಡಲೇ ಎಂದು ಕೇಳಿದೆ. ಅವಳು ಸುತ್ತು ಮುಗಿಸಿ ತಂತಿಗೆ ಗಂಟು ಹಾಕುವವರೆಗೂ ತಲೆ ಎತ್ತಲಿಲ್ಲ.

"ಏನಂತ ಹೇಳ್ತೀರಿ ಸರ್? ಅವತ್ತ ನೀವೂ ಕೂಡಿ ಸುಳ್ಳ ಹೇಳಿದ್ರಿ ಅಂತ ಹೇಳ್ತೀರಿ?"

ನಾನು ತಂದಿದ್ದ ಮೋಟರನ್ನು ಬೆಂಚಿನ ಮೇಲಿಟ್ಟೆ.

"ಹೇಳಂಗಿಲ್ಲ ನೀವು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಮೋಟರಿನ ದೋಷ ಹೇಳುವಂತೆ ಹೇಳಿದಳು. "ನಿಮ್ಮ ಮೋಟರ್ ಗುರುವಾರ ಒಯ್ರಿ."

ಅವಳು ಹೇಳಿದ್ದು ಸರಿ. ನಾನು ಹೇಳಲಿಲ್ಲ. ಹೇಳಿದರೆ ಹುಡುಗರ ಕೆಲಸ ಹೋದೀತು, ಕಾಲೇಜಿನ ಹೆಸರು ಕೆಟ್ಟೀತು, ನನ್ನದು ಇನ್ನೂ ಕಾಯಂ ಆಗದ ನೌಕರಿ ಎಂದು ದಿನಚರಿಯಲ್ಲಿ ಕಾರಣ ಬರೆದಿದ್ದೇನೆ. ಮೂರೂ ಕಾರಣ ಖರೆ. ಮರುವರ್ಷ ನನ್ನ ನೌಕರಿ ಕಾಯಂ ಆಯಿತು. ಆ ವರ್ಷವೇ ಆ ಅಧಿಕಾರಿ ನಿವೃತ್ತರಾದರು.

ಈಗ ನಮ್ಮ ಲ್ಯಾಬಿನ ರಿಜಿಸ್ಟರಿನಲ್ಲಿ "ಹೊರಗೆ ಮಾಡಿದ ಕೆಲಸ" ಎಂಬ ಕಾಲಂ ಇದೆ. ಹುಡುಗರು ಅದರಲ್ಲಿ ಮನಸ್ಸಿಗೆ ಬಂದ ತಾಸು ಹಾಕುತ್ತಾರೆ. ಅರ್ಧ ಸುಳ್ಳೆಂದು ತಿಳಿದೇ ಸಹಿ ಮಾಡುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಯಾವುದನ್ನು ಎಣಿಸಬೇಕು ಎಂದು ಗೆರೆ ಹಾಕುವವನೇ ಯಾರು ಬೆಂಚಿನಿಂದ ಏಳಬೇಕು, ಯಾರು ಅಲ್ಲೇ ಕೂರಬೇಕು ಎಂದೂ ತೀರ್ಮಾನಿಸಿರುತ್ತಾನೆ. ಅಂದು ಆ ಗೆರೆ ಹಾಕಿದ್ದು ನಾನು. ನಸೀಮಾ ಇಂದಿಗೂ ಕಮರಿಪೇಟೆಯ ಅಂಗಡಿಯಲ್ಲೇ ಇದ್ದಾಳೆ. ನಮ್ಮ ಕಾಲೇಜಿನ ಮೋಟರ್‌ಗಳೂ ಅಲ್ಲಿಗೇ ಹೋಗುತ್ತವೆ. ಅವಳು ಸುತ್ತಿದ ಒಂದೂ ಇದುವರೆಗೆ ಮತ್ತೆ ಸುಟ್ಟಿಲ್ಲ.